ಇಷ್ಟಾರ್, ಈಸ್ಟರ್, ಲಾತ್: ಕಿವಿಗೆ ಕೇಳಿದ್ದೆಲ್ಲ ಇತಿಹಾಸವಲ್ಲ

ಮಾರ್ಚ್-ಏಪ್ರಿಲ್ ತಿಂಗಳು ಬಂತೆಂದರೆ ಒಂದು ಸಂದೇಶ ನಮ್ಮ ಮೊಬೈಲುಗಳಲ್ಲಿ ತಪ್ಪದೆ ಸುತ್ತಾಡುತ್ತದೆ. ಕ್ರೈಸ್ತರ ಈಸ್ಟರ್ ಹಬ್ಬಕ್ಕೂ ಯೇಸುವಿಗೂ ಸಂಬಂಧವಿಲ್ಲ, ಅದು ಬ್ಯಾಬಿಲೋನಿನ ಫಲವಂತಿಕೆಯ ದೇವತೆ ಇಷ್ಟಾರ್‌ಳ ಹಬ್ಬ, ‘ಇಷ್ಟಾರ್’ ಎಂಬ ಹೆಸರೇ ನಾಲಗೆಯಲ್ಲಿ ಸವೆದು ‘ಈಸ್ಟರ್’ ಆಯಿತು ಎಂಬುದು ಅದರ ಸಾರಾಂಶ. ಜೊತೆಗೆ ಮೊಟ್ಟೆ ಮತ್ತು ಮೊಲದ ಚಿತ್ರಗಳು. ಇದನ್ನು ಉತ್ಸಾಹದಿಂದ ಹಂಚುವವರಲ್ಲಿ ನಮ್ಮ ಸಮುದಾಯದ ವಿದ್ಯಾವಂತ ಯುವಕರೂ ಇದ್ದಾರೆ. ಕೆಲವು ಭಾಷಣಕಾರರಂತೂ ಇದನ್ನೊಂದು ಮಹಾ ಸಂಶೋಧನೆ ಎಂಬಂತೆ ವೇದಿಕೆಯಲ್ಲಿ ಒಪ್ಪಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ.

ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ: ಇದು ಸುಳ್ಳು. ಯಾರೋ ದ್ವೇಷಕ್ಕಾಗಿ ಹೊಸೆದ ಸುಳ್ಳನ್ನು ನಾವು ಧರ್ಮಸೇವೆ ಎಂದು ಹೊತ್ತು ತಿರುಗುತ್ತಿದ್ದೇವೆ. ಅದಕ್ಕಿಂತ ವಿಪರ್ಯಾಸವೆಂದರೆ, ಇದೇ ಬಗೆಯ ‘ಸಂಶೋಧನೆ’ಯಿಂದ ಅಲ್ಲಾಹನ ನಾಮವನ್ನೂ ಪವಿತ್ರ ಕಅಬಾವನ್ನೂ ಹೀಯಾಳಿಸಿದಾಗ ಮೊದಲು ನೋಯುವವರೂ ನಾವೇ. ಆದ್ದರಿಂದ ಆ ದೇವತೆ ಯಾರು, ಆಕೆಯ ಹೆಸರು ಎಲ್ಲಿಂದ ಬಂತು, ಹೆಸರಿನ ಮೂಲ ಹುಡುಕುವ ಪ್ರಾಮಾಣಿಕ ದಾರಿ ಯಾವುದು ಎಂಬುದನ್ನು ಶಾಂತವಾಗಿ ಪರಿಶೀಲಿಸುವುದು ಅಗತ್ಯ.

ಹೆಸರು ನಡೆದು ಬಂದ ದಾರಿ

ಇಷ್ಟಾರ್ ಪ್ರಾಚೀನ ಇರಾಕಿನ, ಅಂದರೆ ಬ್ಯಾಬಿಲೋನ್ ಮತ್ತು ಅಸ್ಸೀರಿಯಾಗಳ ದೇವತೆ. ಅದಕ್ಕೂ ಮೊದಲು ಅಲ್ಲಿದ್ದ ಸುಮೇರಿಯನ್ನರು ಉರುಕ್ ನಗರದಲ್ಲಿ ‘ಇನಾನಾ’ ಎಂಬ ದೇವತೆಯನ್ನು ಪೂಜಿಸುತ್ತಿದ್ದರು. ಸೆಮಿಟಿಕ್ ಕುಲದ ಅಕ್ಕಾಡಿಯನ್ ಭಾಷೆಯವರು ಪ್ರಬಲರಾದಾಗ ತಮ್ಮ ಇಷ್ಟಾರ್‌ಳನ್ನು ಆ ಇನಾನಾಳೊಂದಿಗೆ ಒಂದುಗೂಡಿಸಿದರು. ‘ಫಲವಂತಿಕೆಯ ದೇವತೆ’ ಎಂಬ ಒಂದೇ ಪಟ್ಟಿ ಆಕೆಗೆ ಸಾಲದು. ಪ್ರೇಮ ಮತ್ತು ಕಾಮ ಆಕೆಯವು. ಯುದ್ಧವೂ ಆಕೆಯದೇ. ಆಕಾಶದಲ್ಲಿ ಆಕೆ ಶುಕ್ರಗ್ರಹ. ಆಕೆಯ ಪ್ರಾಣಿ ಸಿಂಹ. ಎರಡನೆಯ ನೆಬುಕಡ್ನೆಜರ್ ಕ್ರಿ.ಪೂ. 6ನೇ ಶತಮಾನದಲ್ಲಿ ಬ್ಯಾಬಿಲೋನಿನಲ್ಲಿ ಕಟ್ಟಿಸಿದ ನೀಲಿ ಇಟ್ಟಿಗೆಯ ಮಹಾದ್ವಾರಕ್ಕೆ ಆಕೆಯದೇ ಹೆಸರು. ಅಲ್ಲಿಗೆ ಹೋಗುವ ಮೆರವಣಿಗೆಯ ಹಾದಿಯ ಗೋಡೆಗಳ ಮೇಲೆ ಸಾಲುಸಾಲು ಸಿಂಹಗಳಿವೆ. ಮೊಲ ಒಂದೂ ಇಲ್ಲ.

ಈ ಹೆಸರು ಇರಾಕಿಗೆ ಸೀಮಿತವಾಗಿರಲಿಲ್ಲ. ಸಿರಿಯಾದ ಕರಾವಳಿಯಲ್ಲಿ 1928ರಲ್ಲಿ ಆಕಸ್ಮಿಕವಾಗಿ ಪತ್ತೆಯಾಗಿ, 1929ರಿಂದ ಉತ್ಖನನಗೊಂಡ ಉಗಾರಿತ್ ನಗರದ ಮಣ್ಣಿನ ಫಲಕಗಳಲ್ಲಿ ‘ಅಥ್‌ತರ್’ ಎಂಬ ಗಂಡು ದೇವನೂ, ಕೊನೆಯಲ್ಲಿ ಸ್ತ್ರೀಲಿಂಗದ ‘ತ’ಕಾರ ಹೊಂದಿದ ‘ಅಥ್‌ತರ್ತ್’ ಎಂಬ ದೇವತೆಯೂ ಇದ್ದಾರೆ. ಲೆಬನಾನಿನ ಫಿನಿಷಿಯನ್ನರಲ್ಲಿ ಆಕೆ ‘ಅಷ್ಟರ್ತ್’. ಸಿದೋನಿನ ರಾಜ ಎಷ್ಮುನಾಜಾರನ ತಾಯಿ ಆಕೆಯ ಪೂಜಾರಿಣಿಯಾಗಿದ್ದಳೆಂದು ಅವನ ಕಲ್ಲಿನ ಶವಪೆಟ್ಟಿಗೆಯ ಮೇಲಿನ ಬರಹವೇ ಹೇಳುತ್ತದೆ. ಗ್ರೀಕರ ಬಾಯಲ್ಲಿ ಅದು ‘ಅಸ್ಟಾರ್ಟೆ’ ಆಯಿತು. ಹೀಬ್ರೂ ಬೈಬಲಿನಲ್ಲಿ ‘ಅಷ್ಟೋರೆತ್’. ಆ ರೂಪದಲ್ಲಿರುವ ಸ್ವರಗಳನ್ನು ‘ನಾಚಿಕೆ’ ಎಂಬರ್ಥದ ‘ಬೋಶೆತ್’ ಪದದಿಂದ ಬೇಕೆಂದೇ ತಂದು ಕೂಡಿಸಿದರು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಇಂದಿನ ಜೋರ್ಡಾನಿನಲ್ಲಿ 1868ರಲ್ಲಿ ಸಿಕ್ಕ, ಕ್ರಿ.ಪೂ. 9ನೇ ಶತಮಾನದ ಮೋವಾಬ್ ರಾಜ ಮೇಷನ ಶಾಸನದಲ್ಲಿ ‘ಅಷ್ಟರ್-ಕೆಮೋಷ್’ ಎಂಬ ಜೋಡಿ ಹೆಸರಿದೆ. ದಕ್ಷಿಣಕ್ಕೆ ಯಮನಿನ ಸಬಾ ನಾಡಿಗೆ ಬಂದರೆ ಅಥ್‌ತರ್ ಗಂಡು ದೇವ. ಮಳೆ ನೀರಿಗಾಗಿ ಜನ ಪ್ರಾರ್ಥಿಸುತ್ತಿದ್ದುದು ಅವನನ್ನು. ಕೆಂಪು ಸಮುದ್ರದಾಚೆ ಇಥಿಯೋಪಿಯಾದ ಅಕ್ಸೂಮಿನಲ್ಲಿ ಅವನೇ ‘ಅಸ್ತರ್’.

ಇಷ್ಟೊಂದು ರೂಪಗಳು ಒಂದೇ ಹೆಸರೆಂದು ಹೇಳುವುದು ಹೇಗೆ? ಕಿವಿಗೆ ಒಂದೇ ರೀತಿ ಕೇಳಿಸುತ್ತದೆ ಎಂದೇ? ಖಂಡಿತ ಅಲ್ಲ. ಅದಕ್ಕೊಂದು ನಿಯಮವಿದೆ. ಹಳಗನ್ನಡದ ಪಾಲು, ಪುಲಿ, ಪೂ, ಪಲ್ ಎಂಬವು ನಮ್ಮಲ್ಲಿ ಹಾಲು, ಹುಲಿ, ಹೂ, ಹಲ್ಲು ಆಗಿವೆ. ತಮಿಳಿನಲ್ಲಿ ಇಂದಿಗೂ ಪಕಾರವೇ ಉಳಿದಿದೆ. ಒಂದು ಪದದಲ್ಲಿ ಪಕಾರ ಹಕಾರವಾಗಿದ್ದರೆ ಅದು ಆಕಸ್ಮಿಕ ಎನ್ನಬಹುದು. ಪದದ ಮೇಲೆ ಪದ ಅದೇ ರೀತಿ ಬದಲಾಗಿದ್ದರೆ ಅದು ಭಾಷೆಯ ನಿಯಮ. ಸೆಮಿಟಿಕ್ ಭಾಷೆಗಳಲ್ಲೂ ಹೀಗೆಯೇ. ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಉಚ್ಚರಿಸುವ ಅರಬಿಯ ಒಂದು ಅಕ್ಷರವನ್ನು ಮದ್ರಸದ ಮಕ್ಕಳೂ ಬಲ್ಲರು. ಅರಬಿಯಲ್ಲಿ ಆ ಅಕ್ಷರ ಇರುವೆಡೆ ಹೀಬ್ರೂ ಮತ್ತು ಅಕ್ಕಾಡಿಯನ್‌ಗಳಲ್ಲಿ ‘ಶ’, ಅರಾಮಿಕ್‌ನಲ್ಲಿ ‘ತ’ ಬರುತ್ತದೆ. ‘ಮೂರು’ ಎಂಬುದಕ್ಕೆ ಅರಬಿಯಲ್ಲಿ ಥಲಾಥ, ಹೀಬ್ರೂವಿನಲ್ಲಿ ಶಾಲೋಶ್, ಅಕ್ಕಾಡಿಯನ್‌ನಲ್ಲಿ ಶಲಾಶ್, ಅರಾಮಿಕ್‌ನಲ್ಲಿ ತ್ಲಾತ. ‘ಎತ್ತು’ ಎಂಬುದಕ್ಕೆ ಅದೇ ಕ್ರಮದಲ್ಲಿ ಥೌರ್, ಶೋರ್, ಶೂರು, ತೋರ. ಜೊತೆಗೆ, ಅಕ್ಕಾಡಿಯನ್ ಭಾಷೆ ಗಂಟಲಿನ ‘ಐನ್’ ಧ್ವನಿಯನ್ನು ಕಳೆದುಕೊಂಡಾಗ ಪಕ್ಕದ ಅಕಾರ ಎಕಾರವಾಗಿ ಬಾಗಿತು. ‘ಬಅಲ್’ ಅಲ್ಲಿ ‘ಬೇಲ್’ ಆದದ್ದು ಹಾಗೆ. ಇದೇ ಎರಡು ನಿಯಮಗಳಿಂದ ‘ಅಥ್‌ತರ್’ ಎಂಬುದು ‘ಎಷ್ತರ್’ ಆಗಿ, ಮುಂದೆ ‘ಇಷ್ಟಾರ್’ ಆಯಿತು.

ಗಮನಿಸಿ, ಇಲ್ಲಿ ಮೂರು ಸಾಕ್ಷ್ಯಗಳು ಒಟ್ಟಿಗೆ ನಿಲ್ಲುತ್ತವೆ. ಧ್ವನಿಯ ನಿಯಮವಿದೆ, ಶಾಸನದ ಬರಹವಿದೆ, ನೆರೆಹೊರೆಯ ಜನರ ಒಡನಾಟದ ಇತಿಹಾಸವಿದೆ. ಆದರೂ ವಿದ್ವಾಂಸರು ಒಂದು ಗೆರೆಯ ಬಳಿ ನಿಲ್ಲುತ್ತಾರೆ. ‘ಅಥ್‌ತರ್’ ಎಂಬ ಮೂಲರೂಪಕ್ಕೆ ಮೊದಲ ಅರ್ಥವೇನು ಎಂಬ ಬಗ್ಗೆ ಅವರಲ್ಲಿ ಒಮ್ಮತವಿಲ್ಲ, ಮತ್ತು ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಕುರಿಮಂದೆಯ ಮರಿಗಳ ಸಮೃದ್ಧಿಗೆ ಇದೇ ಹೆಸರಿನ ರೂಪ ಸಾಮಾನ್ಯ ನಾಮವಾಗಿ ಬಂದಿದೆ. ಅಕ್ಕಾಡಿಯನ್‌ನಲ್ಲಿ ‘ಇಷ್ಟಾರ್’ ಎಂಬುದು ಕಾಲಕ್ರಮೇಣ ‘ಯಾವುದೇ ದೇವತೆ’ ಎಂಬರ್ಥ ಪಡೆಯಿತು. ತಿಳಿದದ್ದು ಇಷ್ಟು, ಇದರಾಚೆ ಊಹೆ ಎಂದು ಹೇಳುವ ಧೈರ್ಯವೇ ವಿದ್ವತ್ತಿನ ಗುರುತು.

ಈಸ್ಟರಿಗೆ ಗಂಟು ಬಿದ್ದದ್ದು ಹೇಗೆ?

ಈಗ ಈಸ್ಟರಿಗೆ ಬರೋಣ. ಈ ಹಬ್ಬವನ್ನು ‘ಈಸ್ಟರ್’ ಎಂದು ಕರೆಯುವುದು ಇಂಗ್ಲಿಷರು. ಜರ್ಮನರು ಅದಕ್ಕೆ ಹತ್ತಿರದ ‘ಓಸ್ಟರ್ನ್’ ಎನ್ನುತ್ತಾರೆ. ಗ್ರೀಕ್, ಲ್ಯಾಟಿನ್ ಹಾಗೂ ಯುರೋಪಿನ ಇತರ ಅನೇಕ ಭಾಷೆಗಳಲ್ಲಿ ಅದರ ಹೆಸರು ‘ಪಾಸ್ಖ’. ಯಹೂದಿಯರ ಪೆಸಹ್ ಹಬ್ಬದಿಂದ ಬಂದ ಪದವಿದು. ಅರಬ್ ಕ್ರೈಸ್ತರು ‘ಈದುಲ್ ಫಿಸ್‌ಹ್’ ಎನ್ನುವುದೂ ಅದೇ ಮೂಲದಿಂದ. ನಮ್ಮ ಕನ್ನಡದ ಕೆಥೊಲಿಕರು ‘ಪಾಸ್ಖ ಹಬ್ಬ’ ಎನ್ನುತ್ತಾರೆ, ಕರಾವಳಿಯ ಕೊಂಕಣಿ ಕ್ರೈಸ್ತರು ‘ಪಾಸ್ಕಾಂಚೆಂ ಫೆಸ್ತ್’ ಎನ್ನುತ್ತಾರೆ. ಇಷ್ಟಾರ್‌ಳನ್ನು ನಿಜವಾಗಿ ಬಲ್ಲ ಸಿರಿಯಾ, ಇರಾಕ್, ಲೆಬನಾನಿನ ಕ್ರೈಸ್ತರ ನಾಲಗೆಯಲ್ಲಿ ಇಲ್ಲದ ‘ಈಸ್ಟರ್’, ಆಕೆಯ ಹೆಸರನ್ನೇ ಕೇಳದ ಇಂಗ್ಲೆಂಡಿನ ರೈತನ ನಾಲಗೆಗೆ ಆಕೆಯಿಂದ ಬಂತು ಎನ್ನುವುದು ಎಂತಹ ತರ್ಕ?

ಇಂಗ್ಲಿಷ್ ಹೆಸರಿನ ಬಗ್ಗೆ ಇರುವ ಪುರಾತನ ಆಧಾರ ಒಂದೇ. ಕ್ರಿ.ಶ. 725ರಲ್ಲಿ ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ, ತನ್ನ ಪೂರ್ವಜರು ಏಪ್ರಿಲ್‌ಗೆ ಸಮನಾದ ತಿಂಗಳನ್ನು ‘ಎಯೋಸ್ತ್ರೆ’ ಎಂಬ ದೇವತೆಯ ಹೆಸರಿನಿಂದ ಕರೆಯುತ್ತಿದ್ದರೆಂದು ಬರೆದ. ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್ 1835ರಲ್ಲಿ ಅದರ ಆಧಾರದಿಂದ ‘ಓಸ್ತಾರ’ ಎಂಬ ಜರ್ಮನ್ ದೇವತೆಯನ್ನು ಊಹಿಸಿದ. ಈ ಹೆಸರಿನ ಮೂಲ ‘ಬೆಳಗು, ಪೂರ್ವದಿಕ್ಕು’ ಎಂಬರ್ಥದ ಇಂಡೋ-ಯುರೋಪಿಯನ್ ಧಾತು. ಲ್ಯಾಟಿನ್ನಿನ ‘ಅರೋರಾ’, ಋಗ್ವೇದದ ‘ಉಷಸ್’ ಅದೇ ಕುಟುಂಬದವು. ಅಂದರೆ ಈಸ್ಟರಿಗೆ ನೆಂಟಸ್ತಿಕೆ ಹುಡುಕಲೇಬೇಕೆಂದಿದ್ದರೆ ಅದು ಉಷೆಯ ಕಡೆಗಿದೆ. ಬ್ಯಾಬಿಲೋನಿನ ಕಡೆಗಿಲ್ಲ. ಮೊಟ್ಟೆಯ ಕಥೆಯೂ ಸರಳ. ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಉಪವಾಸದಲ್ಲಿ ಮಧ್ಯಯುಗದ ಚರ್ಚು ಮೊಟ್ಟೆ ತಿನ್ನುವುದನ್ನು ನಿಷೇಧಿಸಿತ್ತು. ಉಪವಾಸ ಮುಗಿದಾಗ ಕೂಡಿಟ್ಟ ಮೊಟ್ಟೆ ಹಬ್ಬದೂಟವಾಯಿತು. ಮೊಲ 17ನೇ ಶತಮಾನದ ಜರ್ಮನಿಯ ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಈಸ್ಟರನ್ನು ಇಷ್ಟಾರ್‌ಗೆ ಕಟ್ಟಿಹಾಕಿದವರು ಯಾರು? ಈ ವಾದವನ್ನು ಜನಪ್ರಿಯಗೊಳಿಸಿದವನು ಸ್ಕಾಟ್ಲೆಂಡಿನ ಪ್ರೊಟೆಸ್ಟೆಂಟ್ ಪಾದ್ರಿ ಅಲೆಗ್ಸಾಂಡರ್ ಹಿಸ್ಲಾಪ್. 1853ರಲ್ಲಿ ಕಿರುಹೊತ್ತಗೆಯಾಗಿ ಬಂದು 1858ರಲ್ಲಿ ವಿಸ್ತಾರಗೊಂಡ ಅವನ ‘ದ ಟು ಬ್ಯಾಬಿಲೋನ್ಸ್’ ಗ್ರಂಥದ ಗುರಿ ರೋಮಿನ ಕೆಥೊಲಿಕ್ ಚರ್ಚನ್ನು ಬ್ಯಾಬಿಲೋನಿನ ವಿಗ್ರಹಾರಾಧನೆಯ ಮುಂದುವರಿಕೆ ಎಂದು ತೋರಿಸುವುದು. ಆಗಷ್ಟೇ ಲೇಯಾರ್ಡ್ ಎಂಬಾತ ಅಸ್ಸೀರಿಯಾದ ಅವಶೇಷಗಳನ್ನು ಅಗೆದು ತೆಗೆದಿದ್ದ. ಅವುಗಳಲ್ಲಿ ಸಿಕ್ಕ ‘ಇಷ್ಟಾರ್’ ಎಂಬ ಹೆಸರು ಪಾದ್ರಿಯ ಕಿವಿಗೆ ‘ಈಸ್ಟರ್’ ಎಂದು ಕೇಳಿಸಿತು. ಕಿವಿಗೆ ಹಾಗೆ ಕೇಳಿಸಿದ್ದೇ ಅವನಿಗೆ ಪುರಾವೆಯಾಯಿತು. 2013ರಲ್ಲಿ ನಾಸ್ತಿಕವಾದಿ ರಿಚರ್ಡ್ ಡಾಕಿನ್ಸ್ ಅವರ ಪ್ರತಿಷ್ಠಾನದ ಫೇಸ್‌ಬುಕ್ ಪುಟವೂ ಅದನ್ನೇ ಹಂಚಿತು. ಕೆಥೊಲಿಕರನ್ನು ದ್ವೇಷಿಸಿದ ಪಾದ್ರಿ ಹೊಸೆದದ್ದನ್ನು ದೇವರನ್ನೇ ಒಪ್ಪದವರು ಹರಡಿದರು. ಈಗ ಅದನ್ನು ತೌಹೀದಿನ ಹೆಸರಿನಲ್ಲಿ ಹೊತ್ತು ನಡೆಯುವವರು ನಾವು!

ಅದೇ ಬೆತ್ತ, ನಮ್ಮ ಬೆನ್ನು

ಕಿವಿಯೇ ಪ್ರಮಾಣ ಎಂದು ಒಮ್ಮೆ ಒಪ್ಪಿಕೊಂಡರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ? ಇರಾನಿಗರ ‘ಬದ್’ ಎಂಬ ಪದಕ್ಕೂ ಇಂಗ್ಲಿಷರ ‘ಬ್ಯಾಡ್’ ಎಂಬ ಪದಕ್ಕೂ ಅರ್ಥ ಒಂದೇ, ಧ್ವನಿ ಹೆಚ್ಚುಕಡಿಮೆ ಒಂದೇ. ಆದರೆ ಅವೆರಡಕ್ಕೂ ಸಂಬಂಧವೇ ಇಲ್ಲವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇಂದಿನ ಗ್ರೀಕರು ನೀರಿಗೆ ‘ನೆರೊ’ ಎನ್ನುತ್ತಾರೆ. ಅದು ‘ಹೊಸ ನೀರು’ ಎಂಬ ಅವರದೇ ಹಳೆಯ ನುಡಿಯಿಂದ ಬಂದದ್ದು. ನಮ್ಮ ‘ನೀರು’ ಅಲ್ಲಿಗೆ ಹರಿದು ಹೋದದ್ದಲ್ಲ.

ನಮ್ಮ ದೇಶದಲ್ಲಿ ಈ ಕಿವಿಶಾಸ್ತ್ರದ ದೊಡ್ಡ ಪಂಡಿತರೆಂದರೆ ಪಿ.ಎನ್. ಓಕ್. ‘ವ್ಯಾಟಿಕನ್’ ಎಂದರೆ ‘ವಾಟಿಕಾ’, ‘ಕ್ರಿಶ್ಚಿಯಾನಿಟಿ’ ಎಂದರೆ ‘ಕೃಷ್ಣನೀತಿ’ ಎಂದು ಬರೆದ ಅವರು, ತಾಜ್‌ಮಹಲನ್ನು ಹಿಂದೂ ಅರಸ ಕಟ್ಟಿಸಿದ್ದೆಂದು ಘೋಷಿಸಬೇಕೆಂದು ಸುಪ್ರೀಂ ಕೋರ್ಟಿಗೂ ಹೋಗಿದ್ದರು. 2000ದಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ತಳ್ಳಿಹಾಕಿತು. ಕಅಬಾ ಒಂದು ಶಿವಾಲಯವಾಗಿತ್ತು, ‘ಅಲ್ಲಾಹ್’ ಎಂಬುದು ಅಂಬಾ, ಅಕ್ಕಾ ಎಂಬುದರಂತೆ ಮಾತೆಯನ್ನು ಕರೆಯುವ ಸಂಸ್ಕೃತ ಪದ ಎಂಬುದೂ ಅವರದೇ ವಾದ. ಅದರಲ್ಲಿ ಒಂದು ಎಳೆ ನಿಜವೂ ಹೌದು. ಪಾಣಿನಿಯ ಒಂದು ಸೂತ್ರಕ್ಕೆ ಉದಾಹರಣೆ ಕೊಡುವಾಗ ವ್ಯಾಕರಣಕಾರರು ತಾಯಿ ಎಂಬರ್ಥದ ಅಂಬಾ, ಅಕ್ಕಾ, ಅಲ್ಲಾ ಪದಗಳನ್ನು ಹೆಸರಿಸುತ್ತಾರೆ. ಆದರೆ ಧ್ವನಿ ಹೋಲಿದ ಮಾತ್ರಕ್ಕೆ ಮೂಲ ಒಂದಾಗದು. ಅರಬಿಯ ‘ಅಲ್ಲಾಹ್’ ಎಂಬುದು ‘ಅಲ್-ಇಲಾಹ್’, ಅಂದರೆ ‘ಆ ಆರಾಧ್ಯ’ ಎಂಬುದರ ಕೂಡುರೂಪ ಎಂಬುದು ಭಾಷಾಶಾಸ್ತ್ರದ ವ್ಯಾಪಕ ಅಭಿಪ್ರಾಯ. ಹೀಬ್ರೂವಿನ ‘ಎಲೋಹ’, ಅರಾಮಿಕ್‌ನ ‘ಅಲಾಹಾ’ ಅದರ ಸೋದರ ಪದಗಳು. ಅರಬ್ ಕ್ರೈಸ್ತರು ತಮ್ಮ ಬೈಬಲಿನಲ್ಲಿ ದೇವರಿಗೆ ‘ಅಲ್ಲಾಹ್’ ಎಂದೇ ಓದುತ್ತಾರೆ. ಮಾಲ್ಟಾ ದ್ವೀಪದ ಕೆಥೊಲಿಕರು ‘ಅಲ್ಲಾ’ ಎಂದೇ ಪ್ರಾರ್ಥಿಸುತ್ತಾರೆ.

ಇನ್ನೊಂದು ದಿಕ್ಕಿನಿಂದ ಬರುವ ಬಾಣವೂ ಇದೆ. 1990ರ ದಶಕದಲ್ಲಿ ಅಮೆರಿಕದ ರಾಬರ್ಟ್ ಮೋರಿ ಎಂಬ ಕ್ರೈಸ್ತ ಪ್ರಚಾರಕರು ಅಲ್ಲಾಹ್ ಎಂದರೆ ಅರಬರ ಹಳೆಯ ಚಂದ್ರದೇವ ಎಂದು ಪ್ರಚಾರ ಮಾಡಿದರು. ಸೂರ್ಯನಿಗಾಗಲಿ ಚಂದ್ರನಿಗಾಗಲಿ ಸಾಷ್ಟಾಂಗವೆರಗಬೇಡಿ ಎಂದು ಪವಿತ್ರ ಕುರ್‌ಆನ್ ಬಿಡಿಸಿ ಹೇಳಿರುವುದು ಅಂತಹವರಿಗೆ ಕಾಣುವುದಿಲ್ಲ. ಜೊತೆಗೆ ಲಾತ್ ದೇವತೆಯನ್ನೂ ಎಳೆದು ತರಲಾಗುತ್ತದೆ. ತಾಯಿಫ್‌ನ ಸಕೀಫ್ ಬುಡಕಟ್ಟಿನವರು ಪೂಜಿಸುತ್ತಿದ್ದ ಈ ದೇವತೆಯನ್ನು ಕ್ರಿ.ಪೂ. 5ನೇ ಶತಮಾನದಲ್ಲೇ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ‘ಅಲಿಲಾತ್’ ಎಂದು ದಾಖಲಿಸಿದ್ದಾನೆ. ‘ಅಲ್-ಇಲಾಹತ್’, ಅಂದರೆ ‘ಆ ದೇವತೆ’ ಎಂಬುದು ಅದರ ಮೂಲವೆಂದು ಬಹುತೇಕ ವಿದ್ವಾಂಸರ ನಿಲುವು. ಹಾಗಾದರೆ ಎರಡೂ ಹೆಸರು ಒಂದೇ ಧಾತುವಿನವು ತಾನೆ ಎಂದು ಕೇಳಬಹುದು. ಹೌದು, ಒಂದೇ ಧಾತುವಿನವು. ಕನ್ನಡದ ‘ದೇವರು’ ಮತ್ತು ‘ದೇವತೆ’ ಕೂಡ ಒಂದೇ ಧಾತುವಿನವು. ಅಷ್ಟರಿಂದಲೇ ಕನ್ನಡದಲ್ಲಿ ‘ದೇವರೇ’ ಎಂದು ಮೊರೆಯಿಡುವ ಮುಸ್ಲಿಮನೋ ಕ್ರೈಸ್ತನೋ ಗ್ರಾಮದೇವತೆಯ ಭಕ್ತನೆಂದು ಯಾರಾದರೂ ಹೇಳುತ್ತಾರೆಯೇ?

ಈ ಉತ್ತರವನ್ನು ನಾವು ಗಟ್ಟಿ ದನಿಯಲ್ಲಿ ಕೊಡುತ್ತೇವೆ. ಸರಿಯೇ. ಆದರೆ ಮರುದಿನ ಬೆಳಿಗ್ಗೆ ಈಸ್ಟರ್-ಇಷ್ಟಾರ್ ಸಂದೇಶವನ್ನು ಮುಂದಕ್ಕೆ ಕಳಿಸುವ ಬೆರಳೂ ನಮ್ಮದೇ ಆಗಿದ್ದರೆ ನಮ್ಮ ಉತ್ತರಕ್ಕೆ ಬೆಲೆ ಎಲ್ಲಿ ಉಳಿಯಿತು?

ಹೆಸರಿಗೆ ಹೆದರುವ ನಂಬಿಕೆಯೇ?

ವಾದಕ್ಕಾಗಿ ಒಂದು ಮಾತು. ಹಬ್ಬದ ಹೆಸರು ಹಳೆಯ ದೇವತೆಯಿಂದಲೇ ಬಂದಿದ್ದರೂ ಏನಾಯಿತು? ನಾವು ‘ಶುಕ್ರವಾರದ ಜುಮಾ’ ಎನ್ನುತ್ತೇವೆ. ಬ್ಯಾಬಿಲೋನಿನವರಿಗೆ ಇಷ್ಟಾರ್ ಆಗಿದ್ದ ಗ್ರಹವೇ ಈ ಶುಕ್ರ. ಅದರಿಂದ ನಮ್ಮ ಜುಮಾಕ್ಕೆ ಕುಂದು ಬಂತೇ? ಇಷ್ಟಾರ್‌ಳ ಪ್ರಿಯಕರ ತಮ್ಮೂಸ್. ಅವನಿಗಾಗಿ ಜೆರೂಸಲೇಮಿನ ಹೆಂಗಸರು ಅಳುತ್ತಿದ್ದುದನ್ನು ಬೈಬಲಿನ ಯೆಹೆಜ್ಕೇಲನ ಗ್ರಂಥ ಖಂಡಿಸುತ್ತದೆ. ಇರಾಕ್, ಸಿರಿಯಾಗಳ ಮುಸ್ಲಿಮರು ಇಂದಿಗೂ ಜುಲೈ ತಿಂಗಳನ್ನು ‘ತಮ್ಮೂಸ್’ ಎನ್ನುತ್ತಾರೆ. 1958ರ ಇರಾಕ್ ಕ್ರಾಂತಿ ಅರಬಿಯಲ್ಲಿ ‘ತಮ್ಮೂಸ್ 14ರ ಕ್ರಾಂತಿ’. ಅವರಲ್ಲಿ ಯಾರೂ ತಮ್ಮೂಸನಿಗೆ ಹರಕೆ ಹೊತ್ತವರಲ್ಲ.

ಇನ್ನೂ ಹತ್ತಿರದ ನಿದರ್ಶನವಿದೆ. ಕೃಷಿ ಉತ್ಪನ್ನದ ಝಕಾತ್ ಕುರಿತು ಸಹೀಹ್ ಬುಖಾರಿಯಲ್ಲಿರುವ ಹದೀಸನ್ನು ನಮ್ಮ ವಿದ್ವಾಂಸರೆಲ್ಲ ಬಲ್ಲರು. ಮಳೆ, ಊಟೆಗಳ ನೀರಿನಿಂದ ಬೆಳೆದದ್ದಕ್ಕೆ ಹತ್ತನೇ ಒಂದು ಪಾಲು, ನೀರೆತ್ತಿ ಹಾಯಿಸಿ ಬೆಳೆದದ್ದಕ್ಕೆ ಅದರರ್ಧ. ನೀರು ಹಾಯಿಸದೆಯೇ ಬೆಳೆಯುವ ಭೂಮಿಗೆ ಅಲ್ಲಿ ಬಳಸಿದ ಪದ ‘ಅಥರಿ’. ಅಬೂದಾವೂದ್ ಸಂಗ್ರಹದಲ್ಲಿ ಅದೇ ಜಾಗದಲ್ಲಿ ‘ಬಅಲ್’ ಎಂಬ ಪದ ಬರುತ್ತದೆ. ‘ಅಥರಿ’ಯಲ್ಲಿ ಯಮನಿನ ಮಳೆಯ ದೇವ ಅಥ್‌ತರನ ನೆನಪಿದೆ ಎಂದು 19ನೇ ಶತಮಾನದ ರಾಬರ್ಟ್‌ಸನ್ ಸ್ಮಿತ್ ಸೂಚಿಸಿದ್ದರು. ಅದು ಸರಿಯೆಂದೇ ಇಟ್ಟುಕೊಳ್ಳೋಣ. ಪ್ರವಾದಿವರ್ಯರು(ಸ) ರೈತರು ಆಡುವ ಪದವನ್ನೇ ಬಳಸಿ ಬಡವರ ಹಕ್ಕನ್ನು ನಿಗದಿಪಡಿಸಿದರು. ಪದದ ಪೂರ್ವಜನ್ಮ ಕೆದಕುತ್ತಾ ಕೂರಲಿಲ್ಲ. ಪವಿತ್ರ ಕುರ್‌ಆನಿನಲ್ಲೇ ನೋಡಿ. ಅಸ್ಸಾಫ್ಫಾತ್ ಅಧ್ಯಾಯದಲ್ಲಿ ‘ಬಅಲ್’ ಎಂಬುದು ಇಲ್ಯಾಸರ(ಅ) ಜನರು ಪೂಜಿಸುತ್ತಿದ್ದ ವಿಗ್ರಹ. ಹೂದ್ ಅಧ್ಯಾಯದಲ್ಲಿ ಇಬ್ರಾಹೀಮರ(ಅ) ಪತ್ನಿ ತಮ್ಮ ಪತಿಯನ್ನು ಸೂಚಿಸಲು ಬಳಸುವುದೂ ‘ಬಅಲ್’ ಎಂಬ ಪದವನ್ನೇ. ಪದ ಒಂದೇ, ಸಂದರ್ಭ ಬೇರೆ, ಅರ್ಥ ಬೇರೆ. ಲಾತ್, ಉಝ್ಝಾ, ಮನಾತ್‌ಗಳನ್ನು ಪ್ರಸ್ತಾಪಿಸುವ ಅನ್ನಜ್ಮ್ ಅಧ್ಯಾಯವು ಅವು ನೀವೂ ನಿಮ್ಮ ಪೂರ್ವಜರೂ ಇಟ್ಟುಕೊಂಡ ಹೆಸರುಗಳು ಮಾತ್ರ ಎಂದು ಹೇಳುವಾಗ ಕಲಿಸುವುದೂ ಇದನ್ನೇ. ಬರಿಯ ಹೆಸರಿಗೆ ಶಕ್ತಿಯಿಲ್ಲ.

ಹೆಸರಿಗೆ ಹೆದರುವವರು ಏನು ಮಾಡುತ್ತಾರೆಂಬುದನ್ನು ಸಿರಿಯಾದ ಪಾಲ್ಮೈರಾದಲ್ಲಿ ಜಗತ್ತು ಕಂಡಿದೆ. ಅಲ್ಲಿನ ಲಾತ್ ದೇಗುಲದ ಕಲ್ಲಿನ ಸಿಂಹದ ಮೇಲೆ, ಈ ಆವರಣದಲ್ಲಿ ರಕ್ತ ಹರಿಸದವನಿಗೆ ದೇವತೆಯ ಹರಕೆಯಿರಲಿ ಎಂಬರ್ಥದ ಬರಹವಿತ್ತು. 2015ರಲ್ಲಿ ಐಸಿಸ್ ಉಗ್ರರು ಆ ಸಿಂಹವನ್ನು ಒಡೆದರು. ಅದೇ ಆಗಸ್ಟ್‌ನಲ್ಲಿ ಆ ನಗರದ ಇತಿಹಾಸಕ್ಕಾಗಿ ಬದುಕು ಸವೆಸಿದ, ಎಂಬತ್ತು ದಾಟಿದ ಪುರಾತತ್ವಜ್ಞ ಖಾಲಿದ್ ಅಲ್-ಅಸದ್ ಅವರ ತಲೆ ಕಡಿದರು. ವಿಗ್ರಹದ ಹೆಸರಿನಲ್ಲಿ ಒಬ್ಬ ಮುಸ್ಲಿಮ್ ವಿದ್ವಾಂಸನ ರಕ್ತ! ಆದರೆ ಹಿಶಾಮ್ ಇಬ್ನುಲ್ ಕಲ್ಬಿ 9ನೇ ಶತಮಾನದ ಆರಂಭದ ಹೊತ್ತಿಗೇ ಜಾಹಿಲಿಯ್ಯಾ ಕಾಲದ ವಿಗ್ರಹಗಳ ಹೆಸರು, ನೆಲೆ, ಬುಡಕಟ್ಟುಗಳನ್ನು ‘ಕಿತಾಬುಲ್ ಅಸ್ನಾಮ್’ ಎಂಬ ಗ್ರಂಥದಲ್ಲಿ ದಾಖಲಿಸಿದ್ದರು. ನಾವು ಯಾರ ವಾರಸುದಾರರು? ಇಬ್ನುಲ್ ಕಲ್ಬಿಯ ಲೇಖನಿಯ ವಾರಸುದಾರರೋ, ಸುತ್ತಿಗೆಯ ವಾರಸುದಾರರೋ?

ನಾಗರಿಕತೆಯ ಪಾಠ ಹೇಳುವವರ ಕೈಯೂ ಸ್ವಚ್ಛವಿಲ್ಲ. 2003ರ ಏಪ್ರಿಲ್‌ನಲ್ಲಿ ಬಾಗ್ದಾದಿನ ವಸ್ತುಸಂಗ್ರಹಾಲಯ ಲೂಟಿಯಾದಾಗ ಅಮೆರಿಕದ ಸೇನೆ ಕಾವಲಿಗೆ ಬರಲಿಲ್ಲ. ಅಂದು ಕಳುವಾಗಿ ಅದೇ ಸೆಪ್ಟೆಂಬರ್‌ನಲ್ಲಿ ಮರಳಿ ಸಿಕ್ಕ ಉರುಕಿನ ಅಮೃತಶಿಲೆಯ ಸ್ತ್ರೀಮುಖ ಇನಾನಾಳದ್ದಿರಬಹುದೆಂದು ಹೇಳಲಾಗುತ್ತದೆ. ಅದೇ ಸೇನೆ ಬ್ಯಾಬಿಲೋನಿನ ಅವಶೇಷಗಳ ನಡುವೆಯೇ ಠಾಣೆ ಹೂಡಿತು. ಇಷ್ಟಾರ್ ದ್ವಾರದ ಉಬ್ಬುಚಿತ್ರಗಳಿಗಾದ ಹಾನಿಯನ್ನು ಬ್ರಿಟಿಷ್ ಮ್ಯೂಸಿಯಂನ ವರದಿಯೇ ದಾಖಲಿಸಿದೆ.

ನಮ್ಮ ಅಳತೆ ಒಂದೇ ಇರಲಿ

2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತಿತರೆಡೆ ಚರ್ಚುಗಳ ಮೇಲೆ ದಾಳಿ ನಡೆದದ್ದನ್ನು ಈ ನಾಡು ಮರೆತಿಲ್ಲ. ಇಂತಹ ದಾಳಿ ಕಲ್ಲಿನಿಂದ ಆರಂಭವಾಗುವುದಿಲ್ಲ. ನಿನ್ನ ಹಬ್ಬ ನಿನ್ನದಲ್ಲ, ನಿನ್ನ ದೇವರು ನಿನ್ನವನಲ್ಲ, ನಿನ್ನ ಪ್ರಾರ್ಥನಾಲಯದ ಅಡಿಯಲ್ಲಿ ಬೇರೇನೋ ಇದೆ ಎಂಬ ಮಾತಿನಿಂದ ಆರಂಭವಾಗುತ್ತದೆ. ಆ ಮಾತು ಯಾರನ್ನು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದನ್ನು ಈ ದೇಶದ ಮುಸ್ಲಿಮರಿಗೆ ಬೇರೆಯವರು ಕಲಿಸಬೇಕಾಗಿಲ್ಲ.

ಯೇಸು(ಅ) ಕುರಿತು ಕ್ರೈಸ್ತರಿಗೂ ನಮಗೂ ನಂಬಿಕೆಯ ಭಿನ್ನತೆ ಇದೆ. ಅದು ಗಂಭೀರವಾದುದು, ಅದನ್ನು ಮರೆಮಾಚಬೇಕಾಗಿಲ್ಲ. ಪವಿತ್ರ ಕುರ್‌ಆನ್ ಆ ಚರ್ಚೆಯನ್ನು ಉತ್ತಮ ರೀತಿಯಲ್ಲಿ ನಡೆಸಲು ಆದೇಶಿಸಿದೆ. ಪುನರುತ್ಥಾನದ ಬಗ್ಗೆ ಮಾತನಾಡುವುದಿದ್ದರೆ ಪುನರುತ್ಥಾನದ ಬಗ್ಗೆಯೇ ಮಾತನಾಡೋಣ. ಮೊಲ, ಮೊಟ್ಟೆ ಮತ್ತು ಬ್ಯಾಬಿಲೋನಿನ ದೇವತೆಯನ್ನು ನಡುವೆ ತಂದು ನೆರೆಯವನ ಹಬ್ಬವನ್ನು ಅಣಕಿಸುವುದು ಚರ್ಚೆಯಲ್ಲ.

ಜನರಿಂದ ಅಳೆದು ಪಡೆಯುವಾಗ ಪೂರ್ತಿ ಪಡೆದು, ಅವರಿಗೆ ಅಳೆದು ಕೊಡುವಾಗ ಕಡಿಮೆ ಕೊಡುವವರಿಗೆ ವಿನಾಶ ಕಾದಿದೆ ಎಂದು ಅಲ್ ಮುತಫ್ಫಿಫೀನ್ ಅಧ್ಯಾಯ ಎಚ್ಚರಿಸುತ್ತದೆ. ಅದನ್ನು ನಾವು ಅಕ್ಕಿ, ಬೇಳೆಯ ವ್ಯಾಪಾರಿಗಳಿಗೆ ಮಾತ್ರ ಓದಿ ಹೇಳುತ್ತೇವೆ. ಮಾತಿಗೂ ಒಂದು ತಕ್ಕಡಿಯಿದೆ. ‘ಅಲ್ಲಾಹ್’ ಎಂಬ ನಾಮದ ವಿಷಯದಲ್ಲಿ ನಾವು ಲೋಕದಿಂದ ಯಾವ ಪುರಾವೆ, ಯಾವ ಪ್ರಾಮಾಣಿಕತೆ ನಿರೀಕ್ಷಿಸುತ್ತೇವೆಯೋ ಅಷ್ಟನ್ನೇ ನೆರೆಯವನ ಹಬ್ಬದ ಹೆಸರಿಗೂ ತೂಗಿ ಕೊಡೋಣ. ಮುಂದಿನ ಈಸ್ಟರಿಗೆ ಆ ಸಂದೇಶ ಮತ್ತೆ ಬಂದೇ ಬರುತ್ತದೆ. ಅದು ನಮ್ಮ ಮೊಬೈಲಿನಲ್ಲೇ ಕೊನೆಗೊಳ್ಳಲಿ.